ಲಾಫ್ರಾಯ್ಗ್‌ನಲ್ಲಿ ಆಸ್ಪತ್ರೆ ವಾಸನೆ ಬಂತಾ? ನಿಮ್ಮ ಮೂಗು ಸರಿಯಾಗಿದೆ

ಪ್ರಶ್ನೆ: ನನಗೆ 42 ವರ್ಷ, ದಾವಣಗೆರೆಯಲ್ಲಿದ್ದೇನೆ. ತಿಂಗಳಿಗೆ ಒಂದೆರಡು ಸಲ ಗೆಳೆಯರ ಜೊತೆ ಬ್ಲ್ಯಾಕ್ ಲೇಬಲ್ ತಗೊಳ್ಳುತ್ತೇನೆ, ಸೋಡಾ ಐಸ್ ಹಾಕಿ. ಹೋದ ತಿಂಗಳು ನನ್ನ ಭಾವಮೈದುನ ಎಡಿನ್‌ಬರೋದಿಂದ ಬರುವಾಗ ಲಾಫ್ರಾಯ್ಗ್ 10 ಎಂಬ ಸ್ಕಾಚ್ ವಿಸ್ಕಿ ತಂದುಕೊಟ್ಟ. ಮುಚ್ಚಳ ತೆಗೆದರೆ ಆಸ್ಪತ್ರೆ ವಾರ್ಡಿನ ವಾಸನೆ! ಒಂದು ಗುಟುಕು ಕುಡಿದು ಇಟ್ಟುಬಿಟ್ಟೆ. ‘ಇದು ಗೊತ್ತಿರೋರು ಕುಡಿಯೋದು’ ಅಂತ ಅವನು ನಗುತ್ತಾನೆ. ಅದರ ಬಗ್ಗೆ ಓದಿದರೆ ಹೆದರ್ ಹೂವು, ಕ್ರಿಸ್‌ಮಸ್ ಕೇಕು, ಬ್ಲ್ಯಾಕ್‌ಕರಂಟ್ ಅಂತೆಲ್ಲ ಬರೆದಿದ್ದಾರೆ. ನನಗೆ ಒಂದೂ ಸಿಗಲಿಲ್ಲ. ನನ್ನ ನಾಲಿಗೆಯಲ್ಲೇ ಏನಾದರೂ ಕೊರತೆಯಾ? ಸ್ಕಾಚ್ ರುಚಿ ನೋಡುವುದು ಹೇಗೆ? ನೀವು ಕುಡಿದದ್ದರಲ್ಲಿ ಯಾವುದು ಹೇಗಿದೆ, ನನಗೆ ಯಾವುದು ಹಿಡಿಸಬಹುದು, ಹೇಳುತ್ತೀರಾ?

ಉತ್ತರ: ನಿಮ್ಮ ನಾಲಿಗೆಯಲ್ಲಿ ಯಾವ ಕೊರತೆಯೂ ಇಲ್ಲ. ಲಾಫ್ರಾಯ್ಗ್‌ನಲ್ಲಿ ಆಸ್ಪತ್ರೆ ವಾಸನೆ ಇದೆ. ನೀವು ಅದನ್ನು ಮೊದಲ ಉಸಿರಿಗೇ ಹಿಡಿದಿದ್ದೀರಿ. ನಿಮ್ಮ ಭಾವಮೈದುನನಿಗೆ ಇದನ್ನು ಧೈರ್ಯವಾಗಿ ಹೇಳಿ.

ಆ ವಾಸನೆ ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ನಮ್ಮ ಮನೆಯ ರಾಗಿ ಮಾಲ್ಟ್ ಇದೆಯಲ್ಲ, ಅದೇ ಕೆಲಸ, ಅದೇ ಮಾತು. ಮೊಳಕೆಯನ್ನು ಒಣಗಿಸಲು ಬೆಂಕಿ ಬೇಕು. ಲಾಫ್ರಾಯ್ಗ್ ಹುಟ್ಟುವ, ಸ್ಕಾಟ್ಲೆಂಡಿನ ಐಲಾ ಎಂಬ ದ್ವೀಪದಲ್ಲಿ ಸೌದೆ ಕಡಿಮೆ, ಜೌಗು ನೆಲ ಜಾಸ್ತಿ. ಹುಲ್ಲು, ಪಾಚಿ, ಗಿಡಗಂಟಿ ಸಾವಿರಾರು ವರ್ಷ ನೀರಲ್ಲಿ ಕೊಳೆತು ಗಟ್ಟಿಯಾದ ಕಪ್ಪು ಮಣ್ಣನ್ನು ಅಲ್ಲಿ ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ಉರಿಸುತ್ತಾರೆ. ಅದಕ್ಕೆ ಪೀಟ್ ಅಂತ ಹೆಸರು. ನಾನು ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಒಣಗಿದ ಬೆರಣಿಯಷ್ಟು ಹಗುರ. ಮುರಿದರೆ ಒಳಗೆ ಬೇರಿನ ಎಳೆಗಳು ಕಾಣುತ್ತವೆ. ಅದರ ಹೊಗೆಯಲ್ಲಿ ಫೀನಾಲ್ ಎಂಬ ಗುಂಪಿನ ರಾಸಾಯನಿಕಗಳಿರುತ್ತವೆ. ಅವು ಒದ್ದೆ ಮೊಳಕೆಗೆ ಅಂಟಿಕೊಂಡು, ಬಟ್ಟಿ ಇಳಿದ ಮೇಲೂ, ಪೀಪಾಯಿಯಲ್ಲಿ ಹತ್ತು ವರ್ಷ ಕಳೆದ ಮೇಲೂ ಉಳಿಯುತ್ತವೆ.

ಈಗ ಆಸ್ಪತ್ರೆಗೆ ಬರೋಣ. 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕಾಲು ಮುರಿದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಪಟ್ಟಿ ಕಟ್ಟಿದರು. ಗಾಯ ಕೀವಾಗದೆ ವಾಸಿಯಾಯಿತು. ಆಪರೇಷನ್ ಕೋಣೆಗಳಿಗೆ ಆ ವಾಸನೆ ಬಂದದ್ದು ಅಲ್ಲಿಂದಲೇ. ಕಾರ್ಬಾಲಿಕ್ ಆಮ್ಲ ಅಂದರೆ ಫೀನಾಲ್. ಪೀಟ್ ಹೊಗೆಯಲ್ಲಿರುವ ಕ್ರೆಸಾಲ್‌ಗಳು ಅದರ ದಾಯಾದಿಗಳು. ನಮ್ಮ ಚಿಕ್ಕಂದಿನ ಕೆಂಪು ಲೈಫ್‌ಬಾಯ್ ಸೋಪಿನ ಘಾಟು ನೆನಪಿದೆಯಾ? ಅದೂ ಇದೇ ವಂಶ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಲಾಫ್ರಾಯ್ಗ್ ಔಷಧಿಯ ಹೆಸರಿನಲ್ಲಿ ಅಲ್ಲಿ ಮಾರಾಟವಾಗುತ್ತಿತ್ತು. ಮೂಸಿ ನೋಡಿದ ಯಾವ ಅಧಿಕಾರಿಗಾದರೂ ಅದು ಔಷಧಿ ಅಂತ ನಂಬಿಕೆ ಬರುವಂತೆಯೇ ಇದೆ.

ಹಾಗಾದರೆ ಹೆದರ್ ಹೂವು ನಿಮಗೆ ಯಾಕೆ ಸಿಗಲಿಲ್ಲ? ನೀವು ಆ ಹೂವನ್ನು ಮೂಸಿಯೇ ಇಲ್ಲ, ಅದಕ್ಕೆ. ವಾಸನೆ ಎನ್ನುವುದು ನೆನಪು. ಸ್ಕಾಟ್ಲೆಂಡಿನಲ್ಲಿ ಬೆಳೆದವರು ಅವರ ಗುಡ್ಡದ ಹೂವನ್ನು, ಅವರ ಅಜ್ಜಿ ಮಾಡಿದ ಕೇಕನ್ನು ಲೋಟದಲ್ಲಿ ಕಾಣುತ್ತಾರೆ. ಅದು ಅವರಿಗೆ ನಿಜ. ನನಗೂ ಮೊದಲ ಐದಾರು ವರ್ಷ ಇದೇ ಕಷ್ಟ ಇತ್ತು. ಬೆಂಗಳೂರಿನ ಒಂದು ಹೋಟೆಲಿನ ಬಾರ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಗಿರಾಕಿಗಳಿಗೆ ಹೇಳಲು ಇಂಗ್ಲಿಷ್ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಬಾಯಲ್ಲಿ ಮಾತು ಬರುತ್ತಿತ್ತು, ಮೂಗಿಗೆ ಏನೂ ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಲಾಗಾವುಲಿನ್ 16ರ ಬಾಟಲಿ ತೆಗೆದು, ಸ್ವಲ್ಪ ಲೋಟಕ್ಕೆ ಹಾಕಿ, ಬೇರೆ ಕೆಲಸ ಮಾಡಿಕೊಂಡು ಹದಿನೈದು ನಿಮಿಷ ಬಿಟ್ಟು ಬಂದೆ. ಮೂಗಿನ ಹತ್ತಿರ ತಂದೆ ನೋಡಿ, ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯ ಬಚ್ಚಲು ಎದ್ದು ಬಂತು! ಮಳೆಗಾಲ. ಹಂಡೆ ಒಲೆಯಲ್ಲಿ ಹಸಿ ಸೌದೆ ಉರಿಯದೆ ಹೊಗೆಯಾಡುತ್ತಿದೆ. ಒಲೆಯ ಮೇಲುಗಡೆ ಅಜ್ಜ ತೋಟದಿಂದ ಹೊದ್ದು ಬಂದ ಒದ್ದೆ ಕಂಬಳಿ ಒಣಗಲು ನೇತಾಡುತ್ತಿದೆ. ಅಟ್ಟಕ್ಕೆಲ್ಲ ಮಸಿ ಹಿಡಿದಿದೆ. ಎಲ್ಲೋ ಜೋನಿ ಬೆಲ್ಲದ ಡಬ್ಬಿ ತೆರೆದಿಟ್ಟ ವಾಸನೆ. ನನ್ನ ಕಣ್ಣು ತುಂಬಿ ಬಂತು. ಆವತ್ತಿನಿಂದ ನಾನು ಇಂಗ್ಲಿಷ್ ಪಟ್ಟಿ ಓದುವುದನ್ನು ಬಿಟ್ಟೆ.

ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಅಡುಗೆಮನೆಯ ವಾಸನೆಗಳಲ್ಲೇ ಸ್ಕಾಚನ್ನು ಗುರುತಿಸಿ. ಅದಕ್ಕೆ ಕನ್ನಡದಲ್ಲಿ ಮಾತು ಧಾರಾಳವಾಗಿವೆ. ‘ಒಗರು’ ಎಂಬ ಒಂದು ಮಾತೇ ಸಾಕು. ಎಳೆ ಅಡಿಕೆ ಅಗಿದಾಗ, ನೇರಳೆಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಓಕ್ ಮರದ ಪೀಪಾಯಿ ವಿಸ್ಕಿಗೆ ಕೊಡುವುದು ಅದನ್ನೇ. ಘಾಟು ಬೇರೆ, ಕಮಟು ಬೇರೆ, ಸೀದ ವಾಸನೆ ಬೇರೆ, ಮುಗ್ಗಲು ಬೇರೆ. ಈ ನಾಲ್ಕೂ ನಮ್ಮ ತಾಯಂದಿರಿಗೆ ಗೊತ್ತಿತ್ತು. ರುಚಿ ನೋಡುವುದರಲ್ಲಿ ಅವರು ನನಗಿಂತ ದೊಡ್ಡ ತಜ್ಞರು.

ಈಗ ರುಚಿ ನೋಡುವ ವಿಧಾನ. ಸೋಡಾ, ಐಸ್ ಹಾಕಿ ಕುಡಿಯುವುದು ತಪ್ಪಲ್ಲ. ಬೇಸಿಗೆಯ ದಾವಣಗೆರೆಯಲ್ಲಿ ನಾನೂ ಹಾಗೇ ಕುಡಿಯುತ್ತೇನೆ. ಆದರೆ ತಂಪಾದರೆ ವಾಸನೆ ಮಲಗಿಬಿಡುತ್ತದೆ, ನಾಲಿಗೆ ಮರಗಟ್ಟುತ್ತದೆ. ಗುರುತಿಸಬೇಕು ಅಂದರೆ ಬಾಯಿ ಕಿರಿದಾದ ಪುಟ್ಟ ಗ್ಲಾಸಿನಲ್ಲಿ 20 ಎಂಎಲ್ ಸಾಕು. ಪೆಗ್ ಲೆಕ್ಕ ಮರೆತುಬಿಡಿ. ಮೇಲೆ ಒಂದು ಸಣ್ಣ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಆ ಹೊತ್ತಿಗೆ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ, ಸೆಂಟು ಇರಬಾರದು. ಖಾರದ ಕಡಲೆಬೀಜ, ಚಿಲ್ಲಿ ಚಿಕನ್ ಆಮೇಲೆ. ಒಮ್ಮೆ ನಾನು ಮಧ್ಯಾಹ್ನ ಇಂಗಿನ ಒಗ್ಗರಣೆಯ ಊಟ ಮಾಡಿ ಬಂದು ಆರು ಬಾಟಲಿಗಳ ಬಗ್ಗೆ ಬರೆದಿಟ್ಟೆ. ಮರುದಿನ ನೋಡಿದರೆ ಆರರಲ್ಲೂ ‘ಗಂಧಕ’ ಅಂತ ಬರೆದಿದ್ದೆ. ಎಲ್ಲ ಹರಿದು ಹಾಕಿ ಮತ್ತೆ ಶುರು ಮಾಡಿದೆ.

ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ. ಆಲ್ಕೋಹಾಲ್ ಮೂಗಿಗೆ ಹೊಡೆದರೆ ಮುಂದೆ ಏನೂ ಸಿಗುವುದಿಲ್ಲ. ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ಸ್ವಲ್ಪ ತೆರೆದು, ಸುಮ್ನೆ ಉಸಿರಾಡಿ. ಹೂವಿನಂಗಡಿ ಮುಂದೆ ಹೋಗುವಾಗ ತಾನಾಗಿ ವಾಸನೆ ಬರುತ್ತದಲ್ಲ, ಹಾಗೆ. ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ಬಾಯಿಗೆ ಎಚ್ಚರಿಕೆ. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಓಡಾಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಿಜವಾದ ರುಚಿ ಬರುವುದು ಆ ಉಸಿರಿನಲ್ಲಿ.

ಆಮೇಲೆ ಒಂದು ಚಮಚ ನೀರು ಹಾಕಿ. ಇದನ್ನು ತಪ್ಪಿಸಬೇಡಿ. ನೀರು ಹಾಕಿದರೆ ವಿಸ್ಕಿ ಕೆಡುತ್ತದೆ ಅನ್ನುವವರ ಮಾತು ಕೇಳಬೇಡಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಹೊಗೆಯ ರುಚಿ ಕೊಡುವ ಗ್ವಾಯಕಾಲ್ ಎಂಬ ಕಣ ಆಲ್ಕೋಹಾಲ್ ತುಂಬಾ ಗಟ್ಟಿಯಿದ್ದಾಗ ದ್ರವದೊಳಗೆ ಮುಳುಗಿರುತ್ತದೆ. ನೀರು ಬೆರೆತಂತೆ ಮೇಲ್ಮೈಗೆ ಬರುತ್ತದೆ, ಅಂದರೆ ನಿಮ್ಮ ಮೂಗಿನ ಹತ್ತಿರಕ್ಕೆ. ನಿಮ್ಮ ಲಾಫ್ರಾಯ್ಗ್‌ಗೆ ಎರಡು ಚಮಚ ನೀರು ಹಾಕಿ ನೋಡಿ. ಆಸ್ಪತ್ರೆ ಹಿಂದೆ ಸರಿದು, ಅದರಡಿಯಲ್ಲಿದ್ದ ವೆನಿಲಾ ಸಿಹಿ, ಮಲ್ಪೆ ಬಂದರಿನಲ್ಲಿ ಒಣಹಾಕಿದ ಬಲೆಯ ಉಪ್ಪು ವಾಸನೆ ಮುಂದೆ ಬರುತ್ತದೆ.

ಇನ್ನು ಒಂದೊಂದೇ ಬಾಟಲಿ. ಇದು ನನ್ನ ಮೂಗಿನ ಮಾತು. ನಿಮಗೆ ಬೇರೆ ಸಿಕ್ಕರೆ ನಿಮ್ಮದನ್ನೇ ನಂಬಿ.

ನೀವು ಹತ್ತಿರದಿಂದ ಬಲ್ಲ ಬ್ಲ್ಯಾಕ್ ಲೇಬಲ್‌ನಿಂದಲೇ ಶುರು ಮಾಡೋಣ. ಅದು ಬ್ಲೆಂಡ್. ಹಲವು ಡಿಸ್ಟಿಲರಿಗಳ ಮಾಲ್ಟ್ ವಿಸ್ಕಿಯನ್ನೂ, ಗೋಧಿ, ಮೆಕ್ಕೆಜೋಳದಂಥ ಧಾನ್ಯದಿಂದ ಮಾಡಿದ ಹಗುರ ಗ್ರೇನ್ ವಿಸ್ಕಿಯನ್ನೂ ಬೆರೆಸಿ ಮಾಡಿದ್ದು. ಮೇಲಿರುವ 12 ಅಂದರೆ ಅದರೊಳಗಿನ ಅತಿ ಕಿರಿಯ ವಿಸ್ಕಿಯ ವಯಸ್ಸು. ಸೋಡಾ ಇಲ್ಲದೆ ಒಮ್ಮೆ ಮೂಸಿ. ಕಡೆಗೆ ಸಣ್ಣಗೆ ಒಂದು ಹೊಗೆ ಎಳೆ ಬರುತ್ತದೆ. ಅದು ಐಲಾದ ಕಲೀಲಾ ಎಂಬ ಡಿಸ್ಟಿಲರಿಯದು. ಅಂದರೆ ಇಷ್ಟು ದಿನವೂ ನೀವು ಐಲಾದ ಹೊಗೆ ಕುಡಿಯುತ್ತಲೇ ಇದ್ದೀರಿ! ಬೆರೆಸಿದ್ದು ಕೀಳು, ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ, ಮೇಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತಾರು ಪೀಪಾಯಿಗಳನ್ನು ಬೆರೆಸಿ ವರ್ಷ ವರ್ಷವೂ ಒಂದೇ ರುಚಿ ತರುವುದು ಸಣ್ಣ ಕೆಲಸವಲ್ಲ.

ಸ್ಕಾಟ್ಲೆಂಡಿನ ಸ್ಪೇಸೈಡ್ ಕಡೆಯ ಗ್ಲೆನ್‌ಲಿವೆಟ್ 12, ಗ್ಲೆನ್‌ಫಿಡಿಕ್ 12 ಎಲ್ಲ ಕಡೆ ಸಿಗುತ್ತವೆ. ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಗ್ಲೆನ್‌ಲಿವೆಟ್‌ನಲ್ಲಿ ನನಗೆ ಕೊಯ್ದಿಟ್ಟ ಅನಾನಸ್ ಹಣ್ಣಿನ ತಟ್ಟೆ, ಗ್ಲೆನ್‌ಫಿಡಿಕ್‌ನಲ್ಲಿ ಹಸಿರು ಮರಸೇಬು ಸಿಗುತ್ತವೆ. ಹುದುಗು ಬರುವಾಗ ಹುಟ್ಟುವ ಎಸ್ಟರ್ ಎಂಬ ರಾಸಾಯನಿಕಗಳು ಈ ಹಣ್ಣಿನ ವಾಸನೆ ಕೊಡುತ್ತವೆ. ಮಾಗಿದ ಏಲಕ್ಕಿ ಬಾಳೆಯ ಘಮವೂ ಅಂಥದ್ದೊಂದು ಎಸ್ಟರಿನದ್ದೇ. ಎರಡೂ ಒಳ್ಳೆಯವು, ಸರಳ. ನುಂಗಿದ ಮೇಲೆ ಬೇಗ ಮರೆಯಾಗುತ್ತವೆ. ಅದರಾಚೆ ನನಗೆ ಹೇಳಲು ಜಾಸ್ತಿ ಇಲ್ಲ.

ಗ್ಲೆನ್‌ಮೊರಾಂಜಿ ಒರಿಜಿನಲ್ ಮಾತ್ರ ಹೀಗಲ್ಲ. ಉತ್ತರ ಹೈಲ್ಯಾಂಡ್ಸ್‌ನ ಟೈನ್ ಎಂಬ ಊರಲ್ಲಿ 1843ರಿಂದ ಇದೆ. ಅಲ್ಲಿನ ತಾಮ್ರದ ಭಟ್ಟಿಗಳ ಕತ್ತು 5.14 ಮೀಟರ್ ಎತ್ತರ. ಆವಿ ಅಷ್ಟು ಎತ್ತರಕ್ಕೆ ಹತ್ತಬೇಕು. ಭಾರದ್ದು, ಜಿಡ್ಡಿನದ್ದು ಅರ್ಧದಲ್ಲೇ ಸೋತು ಕೆಳಗೆ ಬೀಳುತ್ತದೆ, ಹಗುರಾದದ್ದು ಮಾತ್ರ ದಾಟುತ್ತದೆ. ಅದಕ್ಕೇ ಇದರಲ್ಲಿ ಕೊಡಗಿನ ಕಿತ್ತಳೆ ಸುಲಿಯುವಾಗ ಸಿಪ್ಪೆಯಿಂದ ಚಿಮ್ಮುವ ಎಣ್ಣೆಯ ವಾಸನೆ. ಅದರ ಹಿಂದೆಯೇ ವೆನಿಲಾ. ಈ ವೆನಿಲಾ ಬರುವುದು ಅಮೆರಿಕದ ಪೀಪಾಯಿಯಿಂದ. ಅಲ್ಲಿನ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ತುಂಬಬೇಕು. ಒಮ್ಮೆ ಬಳಸಿದ್ದು ಅವರಿಗೆ ಬೇಡ, ಅದು ಸ್ಕಾಟ್ಲೆಂಡಿಗೆ ಹೋಗುತ್ತದೆ. ಸ್ಕಾಚ್ ಕನಿಷ್ಠ 3 ವರ್ಷ ಓಕ್‌ನಲ್ಲಿ ಇರಲೇಬೇಕು ಎಂಬುದು ಬ್ರಿಟನ್ನಿನ ಕಾನೂನು.

ಬಾಲ್ವೆನಿ 12 ಡಬಲ್‌ವುಡ್ ಇಂಥ ಬರ್ಬನ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಕೆಲವು ತಿಂಗಳು ಶೆರಿ ಪೀಪಾಯಿಗೆ ಹೋಗುತ್ತದೆ. ಶೆರಿ ಅಂದರೆ ಸ್ಪೇನಿನ ದ್ರಾಕ್ಷಾರಸ. 1962ರಲ್ಲಿ ಕೆಲಸಕ್ಕೆ ಸೇರಿದ ಡೇವಿಡ್ ಸ್ಟೀವರ್ಟ್ ಎಂಬವರು ಈ ಕ್ರಮವನ್ನು ರೂಢಿಗೆ ತಂದರು. ಕುಡಿದರೆ ಜೇನುತುಪ್ಪದಲ್ಲಿ ನೆನೆಸಿದ ಒಣದ್ರಾಕ್ಷಿ, ಮೇಲೆ ಚಿಟಿಕೆ ಜಾಯಿಕಾಯಿ. ಒರಟುತನ ಎಲ್ಲೂ ಇಲ್ಲ. ಮನೆಗೆ ಬಂದ ನೆಂಟರಿಗೆ, ಹಿಂದೆ ಸಿಂಗಲ್ ಮಾಲ್ಟ್ ಕುಡಿಯದವರಿಗೆ ನಾನು ಕೊಡುವುದು ಇದನ್ನೇ.

ಶೆರಿಯ ಪೂರ್ತಿ ಬಲ ನೋಡಬೇಕಾದರೆ ಆಬರ್ಲೋರ್ ಅಬುನಾಡ್ ನೋಡಿ. ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ್ದು, ಆಲ್ಕೋಹಾಲ್ ಸುಮಾರು 60%. ಬ್ಯಾಚ್‌ನಿಂದ ಬ್ಯಾಚ್‌ಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ನೀರು ಹಾಕದೆ ಕುಡಿದರೆ ಬಾಯಿ ಉರಿಯುತ್ತದೆ ಅಷ್ಟೇ, ಏನೂ ತಿಳಿಯುವುದಿಲ್ಲ. ಅರ್ಧದಷ್ಟು ನೀರು ಹಾಕಿ. ಖರ್ಜೂರ, ಅಂಜೂರ, ಬೆಲ್ಲದ ಪಾಕ ತಳ ಹಿಡಿಯುವ ಮುಂಚಿನ ಗಳಿಗೆಯ ವಾಸನೆ, ಆಮೇಲೆ ಒಗರು. ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತು ಗೊತ್ತಿದ್ದವರಿಗೆ ಇದು ತಕ್ಷಣ ಹಿಡಿಸುತ್ತದೆ. ಇದೇ ಜಾತಿಯ ಗ್ಲೆನ್‌ಫಾರ್‌ಕ್ಲಾಸ್ 15 ಕೂಡ ನನಗೆ ಇಷ್ಟ. 1865ರಿಂದ ಒಂದೇ ಮನೆತನದ ಕೈಯಲ್ಲಿದೆ. ಮಕಾಲನ್ 12 ಕೇಳಿದರೆ, ವಿಸ್ಕಿ ಚೆನ್ನಾಗಿದೆ, ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೆಸರಿಗೆ ಹೋಗುತ್ತದೆ. ನಿಮ್ಮ ದುಡ್ಡಿಗೆ ಗ್ಲೆನ್‌ಫಾರ್‌ಕ್ಲಾಸ್ ಸಾಕು. ಹಾಗೇ ಬಣ್ಣ ನೋಡಿ ಮೋಸ ಹೋಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ.

ಹೈಲ್ಯಾಂಡ್ಸ್‌ನ ಕ್ಲೈನ್‌ಲಿಶ್ 14 ಕುಡಿದಾಗ ನನಗೆ ‘ಜಿಡ್ಡು’ ಎಂಬ ಮಾತಿನ ಬೆಲೆ ಗೊತ್ತಾಯಿತು. ಬಾಯಲ್ಲಿ ಜೇನುಮೇಣ ಸವರಿದ ಹಾಗೆ. ಭಟ್ಟಿಯಿಂದ ಬಂದದ್ದನ್ನು ಹಿಡಿಯುವ ತೊಟ್ಟಿಯಲ್ಲಿ ಕಟ್ಟಿಕೊಳ್ಳುವ ಪದರದಿಂದ ಆ ಗುಣ ಬರುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಒಮ್ಮೆ ಚೆನ್ನಾಗಿ ತೊಳೆದದ್ದಕ್ಕೆ ಮೇಣದ ರುಚಿಯೇ ಹೋಗಿಬಿಟ್ಟಿತಂತೆ. ದೋಸೆಕಲ್ಲನ್ನು ಸೋಪು ಹಾಕಿ ಉಜ್ಜಿದರೆ ದೋಸೆ ಏಳುವುದಿಲ್ಲವಲ್ಲ, ಅದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಕ್ಯಾಂಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್ 10 ಸಿಕ್ಕರೆ ಬಿಡಬೇಡಿ. ಒಂದು ಕಾಲಕ್ಕೆ ಆ ಸಣ್ಣ ಊರಿನಲ್ಲಿ 20ಕ್ಕೂ ಹೆಚ್ಚು ಡಿಸ್ಟಿಲರಿಗಳಿದ್ದವು. 1920ರ ದಶಕದಲ್ಲಿ ಒಂದರ ಹಿಂದೊಂದು ಮುಚ್ಚಿದವು. ಉಳಿದುಕೊಂಡ ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಬಾರ್ಲಿಯನ್ನು ನೆಲದ ಮೇಲೆ ಹರಡಿ ಮೊಳಕೆ ಬರಿಸುವುದರಿಂದ ಹಿಡಿದು ಬಾಟಲಿಗೆ ತುಂಬುವವರೆಗೆ ಎಲ್ಲ ಒಂದೇ ಅಂಗಳದಲ್ಲಿ ನಡೆಯುತ್ತದೆ. ಇದರ ರುಚಿ ಒಂದು ಮಾತಿಗೆ ಸಿಗುವುದಿಲ್ಲ. ಒದ್ದೆ ಗೋಣಿಚೀಲ, ಹುರಿದ ಕಡಲೆ, ಉಪ್ಪು ಹಚ್ಚಿದ ಮಾವಿನಕಾಯಿ, ಕಡೆಗೆ ಆರುತ್ತಿರುವ ಒಲೆ. ಕುಡಿದು ಮುಗಿಸಿ ಅರ್ಧ ಗಂಟೆಯಾದರೂ ಬಾಯಲ್ಲಿ ಇರುತ್ತದೆ.

ಹೊಗೆಯ ಕಡೆ ನಿಧಾನವಾಗಿ ಹೋಗಬೇಕು ಅಂದಿರಾ? ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ 12 ಅದಕ್ಕೆ ಸರಿ. ಆ ದ್ವೀಪದಲ್ಲಿ ಮರಗಳೇ ಅಪರೂಪ, ಹಾಗಾಗಿ ಅಲ್ಲಿನ ಪೀಟ್‌ನಲ್ಲಿ ಹೆದರ್ ಗಿಡದ ಅಂಶ ಜಾಸ್ತಿ. ಹೊಗೆಗೆ ಹೂವಿನ ಸಿಹಿ ಇದೆ. ನನಗೆ ಅದು ದೇವರ ಮನೆಯಲ್ಲಿ ಧೂಪ ಹಾಕಿ ಒಂದು ಗಂಟೆ ಕಳೆದ ಮೇಲಿನ ವಾಸನೆ, ಜೊತೆಗೆ ಜೇನು. ‘ಒಂದೇ ಒಂದು ಬಾಟಲಿ ಹೇಳಿ’ ಅಂತ ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ನಿಮಗೂ ಇದೇ.

ಅದಾದ ಮೇಲೆ ಸ್ಕೈ ದ್ವೀಪದ ಟಾಲಿಸ್ಕರ್ 10. ಆಲ್ಕೋಹಾಲ್ 45.8%. ಮೊದಲು ಸಿಹಿ, ನಡುವೆ ಸಮುದ್ರದ ಗಾಳಿ, ನುಂಗುವ ಹೊತ್ತಿಗೆ ಕಾಳುಮೆಣಸು ಚುರುಕ್ ಅನ್ನುತ್ತದೆ. ಮೆಣಸಿನ ಸಾರು ಗಂಟಲಿಗೆ ಇಳಿದಾಗ ಆಗುವ ಹಾಗೆ ನಿಜಕ್ಕೂ ಕಾಳುಮೆಣಸೇ. ಮೆಣಸಿನ ಬಳ್ಳಿಯ ನಾಡಿನಿಂದ ಬಂದ ನನಗೆ ಇದು ಮೊದಲ ದಿನವೇ ನೆಂಟನಂತೆ ಅನ್ನಿಸಿತು.

ಈಗ ಐಲಾ. ಕೆನ್ನಕ್ರೇಗ್ ಎಂಬಲ್ಲಿ ಹಡಗು ಹತ್ತಿ ಎರಡು ಗಂಟೆ ಚಿಲ್ಲರೆ ಹೊತ್ತಿನಲ್ಲಿ ನಾನು ಪೋರ್ಟ್ ಎಲೆನ್ ಬಂದರಿನಲ್ಲಿ ಇಳಿದೆ. ಅಲ್ಲಿಂದ ಪೂರ್ವಕ್ಕೆ ಒಂದು ಕಾಲುದಾರಿ ಇದೆ, ಸುಮಾರು 5 ಕಿಲೋಮೀಟರ್. ಮೊದಲು ಲಾಫ್ರಾಯ್ಗ್, ಆಮೇಲೆ ಲಾಗಾವುಲಿನ್, ಕೊನೆಗೆ ಆರ್ಡ್‌ಬೆಗ್. ಮೂರೂ 1815-16ರ ಸುಮಾರಿಗೆ ಶುರುವಾದವು. ಮೂರರ ಬಿಳಿ ಗೋಡೆಗೂ ಸಮುದ್ರದ ನೀರು ಸಿಡಿಯುತ್ತದೆ. ಒಂದೇ ಕರಾವಳಿ, ಒಂದೇ ಹವೆ, ಒಂದೇ ಜಾತಿಯ ಪೀಟ್. ಆದರೂ ಮೂರು ಲೋಟ ಮೂಸಿದರೆ ಮೂರು ಬೇರೆ ಬೇರೆ ಊರು! ಒಂದು ಗೋದಾಮಿನ ಬಾಗಿಲು ತೆರೆದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಣ್ಣಿನ ನೆಲ, ತಣ್ಣನೆ ಕತ್ತಲು, ಸಾಲು ಪೀಪಾಯಿಗಳು. ಮೊದಲ ಮಳೆ ಬಿದ್ದ ಹಟ್ಟಿಯ ಹಾಗೆ ಒದ್ದೆ ಮಣ್ಣಿನ ವಾಸನೆ, ಅದರೊಳಗೆ ಹಣ್ಣು, ಅದರೊಳಗೆ ಹೊಗೆ. ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋಗುತ್ತದೆ. ನಾನು ಉಸಿರಾಡಿದ್ದು ಅದನ್ನೇ.

ಲಾಗಾವುಲಿನ್ ಬಗ್ಗೆ ಹೇಳಿದ್ದೇನೆ, ಅದು ನನ್ನ ಅಜ್ಜನ ಮನೆ. ಆರ್ಡ್‌ಬೆಗ್ 10ರಲ್ಲಿ ಹೊಗೆ ಇನ್ನೂ ಜಾಸ್ತಿ. ಮಾಲ್ಟ್‌ನಲ್ಲಿರುವ ಫೀನಾಲ್ ಲೆಕ್ಕದಲ್ಲಿ ಲಾಗಾವುಲಿನ್ ದಶಲಕ್ಷಕ್ಕೆ ಸುಮಾರು 35 ಭಾಗವಾದರೆ ಆರ್ಡ್‌ಬೆಗ್ ಸುಮಾರು 55. ರಸ್ತೆಗೆ ಟಾರು ಹಾಕುವಾಗ ಪಕ್ಕದಲ್ಲಿ ಯಾರೋ ನಿಂಬೆಹಣ್ಣು ಕೊಯ್ದರೆ ಹೇಗಿರುತ್ತದೆ, ಹಾಗೆ. ಕೇಳಲು ವಿಚಿತ್ರ, ಬಾಯಲ್ಲಿ ಅಷ್ಟು ಚೊಕ್ಕ. ಇದು 1981ರಲ್ಲಿ ಮುಚ್ಚಿತ್ತು. 1997ರಲ್ಲಿ ಗ್ಲೆನ್‌ಮೊರಾಂಜಿಯವರು ಕೊಂಡ ಮೇಲೆ ಮತ್ತೆ ಜೀವ ಬಂತು. ಅದೇ ದ್ವೀಪದ ಉತ್ತರದಲ್ಲಿ ಬುನ್ನಹಾವನ್ ಅಂತ ಇದೆ. ಅದರ 12ರಲ್ಲಿ ಹೊಗೆಯೇ ಇಲ್ಲ, ಉಪ್ಪು ಹಾಕಿ ಹುರಿದ ಗೋಡಂಬಿ ಇದೆ. ಐಲಾ ಅಂದರೆ ಹೊಗೆ ಅಂತ ಕಣ್ಣುಮುಚ್ಚಿ ಹೇಳುವಂತಿಲ್ಲ.

ನಮ್ಮ ಬೆಂಗಳೂರಿನ ಅಮೃತ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅದು ಸ್ಕಾಚ್ ಅಲ್ಲ, ಸ್ಕಾಟ್ಲೆಂಡಿನ ಹೊರಗೆ ಮಾಡಿದ್ದಕ್ಕೆ ಆ ಹೆಸರು ಇಡುವಂತಿಲ್ಲ. ಆದರೆ 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, ಸ್ಕಾಚ್ ಕುಡಿಯುವವರ ಮುಂದೆಯೇ. ಅವರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ನಮ್ಮ ದೇಶದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯೂ ಇದೆ. ಬೆಂಗಳೂರಿನ ಬಿಸಿಲಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಆವಿಯಾಗುತ್ತದೆ, ಹಾಗಾಗಿ ನಾಲ್ಕೈದು ವರ್ಷಕ್ಕೇ ಮರದ ಸಾರ ಇಳಿದಿರುತ್ತದೆ. ಫಿಲ್ಟರ್ ಕಾಫಿ ಡಿಕಾಕ್ಷನ್, ಬೆಲ್ಲ, ಹಿಂದೆ ತೆಳು ಹೊಗೆ. ಇದನ್ನೂ ಹೈಲ್ಯಾಂಡ್ ಪಾರ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹವೆ ವಿಸ್ಕಿಗೆ ಏನು ಮಾಡುತ್ತದೆ ಅಂತ ನಾನು ಹತ್ತು ಪುಟ ಬರೆದರೂ ತಿಳಿಯದ್ದು ಆ ಎರಡು ಲೋಟದಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಬಾಟಲಿಗಳನ್ನು ಒಬ್ಬರೇ ಕೊಳ್ಳುವುದು ಬೇಡ. ನಾಲ್ಕು ಜನ ಗೆಳೆಯರು ಸೇರಿ ಎರಡು ತಿಂಗಳಿಗೊಂದು ಬಾಟಲಿ ತನ್ನಿ. ಒಂದು ಸಂಜೆಗೆ ಮೂರಕ್ಕಿಂತ ಜಾಸ್ತಿ ಬೇಡ, ಹೊಗೆಯದ್ದು ಯಾವಾಗಲೂ ಕೊನೆಗೆ. ಮೂಸಿದ ತಕ್ಷಣ ಮನಸ್ಸಿಗೆ ಬಂದದ್ದನ್ನು ಬರೆದಿಡಿ, ಯಾರಿಗೂ ತೋರಿಸದೆ. ಆಮೇಲೆ ಒಬ್ಬೊಬ್ಬರೇ ಓದಿ. ನಮ್ಮ ಗುಂಪಿನಲ್ಲಿ ಒಬ್ಬರು ಟಾಲಿಸ್ಕರ್‌ಗೆ ‘ಕಡಲ ದಂಡೆಯಲ್ಲಿ ಸುಟ್ಟ ಜೋಳ’ ಅಂತ ಬರೆದರು. ಆವತ್ತಿನಿಂದ ನಮಗೆಲ್ಲ ಅದರಲ್ಲಿ ಸುಟ್ಟ ಜೋಳ ಸಿಗುತ್ತಿದೆ. ಗಾಡಿ ಓಡಿಸಬೇಕಾದವರು ಆವತ್ತು ಮೂಸುವುದಷ್ಟೇ ಮಾಡಲಿ, ಅರ್ಧಕ್ಕಿಂತ ಹೆಚ್ಚು ಸಂತೋಷ ಮೂಸುವುದರಲ್ಲೇ ಇದೆ.

ಇನ್ನು ನಿಮ್ಮ ಲಾಫ್ರಾಯ್ಗ್. ಯಾರಿಗೂ ಕೊಟ್ಟುಬಿಡಬೇಡಿ. ಕತ್ತಲ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿಟ್ಟರೆ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ನಾನು ಒಂದು ಒಳ್ಳೆಯ ಬಾಟಲಿಯನ್ನು ವೈನ್ ಥರ ಮಲಗಿಸಿಟ್ಟು ಹಾಳು ಮಾಡಿಕೊಂಡಿದ್ದೇನೆ. ಮುಚ್ಚಳ ತೆಗೆದ ಬಾಟಲಿ ವರ್ಷವಾದರೂ ಕೆಡುವುದಿಲ್ಲ, ತೀರಾ ತಳಕ್ಕೆ ಬಂದಿದ್ದರೆ ಮಾತ್ರ ಬೇಗ ಮುಗಿಸಿ. ಹೈಲ್ಯಾಂಡ್ ಪಾರ್ಕ್, ಟಾಲಿಸ್ಕರ್ ಮುಗಿಸಿ ಬಂದು ಮಳೆಗಾಲದ ಒಂದು ಸಂಜೆ 20 ಎಂಎಲ್ ಹಾಕಿಕೊಳ್ಳಿ, ಎರಡು ಚಮಚ ನೀರು ಹಾಕಿ. ಕುಡಿದ ಮೇಲೆ ಗ್ಲಾಸ್ ತೊಳೆಯಬೇಡಿ, ಹಾಗೇ ಮೇಜಿನ ಮೇಲೆ ಬಿಡಿ. ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಆ ಖಾಲಿ ಗ್ಲಾಸನ್ನು ಮೂಸಿ. ಆಲ್ಕೋಹಾಲ್ ಎಲ್ಲ ಹಾರಿಹೋಗಿರುತ್ತದೆ. ಆಸ್ಪತ್ರೆಯೂ ಹೋಗಿರುತ್ತದೆ. ತಳದಲ್ಲಿ ಒಣಗಿದ ಒಂದು ಹನಿಯಲ್ಲಿ ಬೂದಿ, ವೆನಿಲಾ, ಹಳೆ ಮರದ ಪೆಟ್ಟಿಗೆ ಉಳಿದಿರುತ್ತವೆ. ನಿಮಗೆ ಏನು ಸಿಕ್ಕಿತು ಅಂತ ನನಗೆ ಬರೆದು ತಿಳಿಸಿ.